ಅತ್ತೆಯ ರಟ್ಟು, ಅಳಿಯನ ಬೋರ್ಡು

ಲಿಫ್ಟ್ ಮೆಕ್ಯಾನಿಕ್ಕನಿಗೂ ಅವನ ಅತ್ತೆಗೂ ನೇರವಾಗಿ ಮಾತಿರಲಿಲ್ಲ. ಜಗಳವಾಡಿದವರಲ್ಲ, ಮುನಿಸಿಕೊಂಡವರೂ ಅಲ್ಲ. ಎದುರುಬದುರಾದರೆ ಇಬ್ಬರಿಗೂ ನಾಲಿಗೆ ಏಳುತ್ತಿರಲಿಲ್ಲ, ಅಷ್ಟೆ. ಹೇಳಬೇಕಾದದ್ದನ್ನೆಲ್ಲ ಅವನ ಹೆಂಡತಿಯ ಮೂಲಕ ಹೇಳಿಸುತ್ತಿದ್ದರು. ಅವರಿಗೆ ಕಾಫಿ ಬೇಕಾ ಕೇಳು ಎಂದು ಅತ್ತೆ, ಈಗ ಬೇಡ ಅಂತ ಹೇಳು ಎಂದು ಅಳಿಯ. ಹೆಂಡತಿ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವವಳು, ನೀರಿನ ಆ ದಡಕ್ಕೂ ಕೇಳುವಂಥ ಗಂಟಲಿನವಳು. ಒಂದೇ ಕೋಣೆಯಲ್ಲಿ ಕೂತ ಇಬ್ಬರ ಮಾತನ್ನು ಅತ್ತಿಂದಿತ್ತ ಸಾಗಿಸುವ ಕೆಲಸ ಅವಳಿಗೆ ಬೇಸರ ತರಿಸುತ್ತಿತ್ತೋ ಇಲ್ಲವೋ, ನಗುವಂತೂ ತರಿಸುತ್ತಿತ್ತು.

ಇದಕ್ಕೆಲ್ಲ ಮೂಲ ಒಂದು ಕೆಟ್ಟುನಿಂತ ಲಿಫ್ಟು. ಮದುವೆಗೆ ಮುಂಚೆ ಅತ್ತೆ ವಾಸವಿದ್ದ ಕಟ್ಟಡದಲ್ಲಿ ಆಕೆ ಹತ್ತಿದ್ದ ಲಿಫ್ಟ್ ಎರಡು ಮಹಡಿಗಳ ಮಧ್ಯೆ ಸಿಕ್ಕಿಕೊಂಡಿತ್ತು. ರಿಪೇರಿಗೆ ಬಂದವನು ಇವನೇ. ಬಾಗಿಲ ಸಂದಿಗೆ ಬಾಯಿಟ್ಟು, "ಗಾಬರಿಯಾಗ್ಬೇಡಿ ಅಜ್ಜಿ, ಈಗ ತೆಗೀತೀನಿ" ಎಂದ. ಆಗ ಆಕೆಯ ತಲೆಯಲ್ಲಿ ಹುಡುಕಿದರೂ ಒಂದು ಬಿಳಿಕೂದಲು ಸಿಗುತ್ತಿರಲಿಲ್ಲ. ಮೆಟ್ಟಿಲ ಮೇಲೆ ಕೂತು ತಾಯಿಗೆ ಧೈರ್ಯ ಹೇಳುತ್ತಿದ್ದ ಮಗಳು ಆ 'ಅಜ್ಜಿ'ಗೆ ನಕ್ಕ ನಗು ಲಿಫ್ಟಿನ ಒಳಗೂ ಕೇಳಿಸಿತು. ಲಿಫ್ಟು ಆ ದಿನವೇ ಸರಿಹೋಯಿತು, ಸ್ವಲ್ಪ ಕಾಲದಲ್ಲಿ ಮದುವೆಯೂ ಆಯಿತು. ಅತ್ತೆ ಮನಸ್ಸು ತುಂಬಿ ಹರಸಿದಳು. ಆದರೆ ಆ ಒಂದು ಪದ ಮಾತ್ರ ಮೀನಿನ ಮುಳ್ಳಿನ ಹಾಗೆ ಗಂಟಲಲ್ಲಿ ಉಳಿದುಬಿಟ್ಟಿತು. ಅಂದಿನಿಂದ ಅಳಿಯ ಆಕೆಗೆ 'ಅವರು', ಮಗಳ ಮೂಲಕ ಹೇಳಿಸುವಾಗಲೂ ಖಡಕ್ಕಾದ ಬಹುವಚನ.

ಅತ್ತೆ ಪುಸ್ತಕಗಳಿಗೆ ರಟ್ಟು ಕಟ್ಟುವವಳು. ಸಣ್ಣ ಬೈಂಡಿಂಗ್ ಅಂಗಡಿ ಇಟ್ಟುಕೊಂಡು ಮಗಳನ್ನು ಓದಿಸಿದವಳು. ಈಚೆಗೆ ಯಾರೂ ಪುಸ್ತಕ ಕಟ್ಟಿಸಲು ಬರುತ್ತಿರಲಿಲ್ಲ. ಸರಿ, ಸಾಮಾನು ತೆಗೆದುಬಿಡೋಣವೆಂದು ಒಂದು ದಿನ ಬಟ್ಟೆಯ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿಯುವಾಗ ಕಾಲು ಜಾರಿತು. ಬಲಗೈ ಮಣಿಕಟ್ಟು ಮುರಿಯಿತು. ಮೊಣಕೈವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು, ಕೈಯನ್ನು ಕೊರಳಿಗೆ ಕಟ್ಟಿದ ಬಟ್ಟೆಯಲ್ಲಿ ಮಗುವಿನಂತೆ ಮಲಗಿಸಿಕೊಂಡು, ಮಗಳ ಮನೆಗೆ ಬಂದಳು. ಜೊತೆಗೆ ಒಂದು ಟ್ರಂಕೂ ಬಂತು. ಅದರಲ್ಲಿ ಸೀರೆಗಿಂತ ಹೆಚ್ಚಾಗಿ ಇದ್ದದ್ದು ಸ್ಟೀಲ್ ಪಟ್ಟಿ, ಚಾಕುಗಳು, ಮಡಿಕೆ ಒತ್ತುವ ಮೂಳೆಯ ಪಟ್ಟಿ ಮತ್ತು ಬೈಂಡಿಂಗ್ ಬಟ್ಟೆಯ ತುಂಡುಗಳು. ಅಂಗಡಿ ಮುಚ್ಚಿದರೂ ಅವನ್ನು ಬಿಟ್ಟುಬರಲು ಆಕೆಗೆ ಮನಸ್ಸಾಗಿರಲಿಲ್ಲ.

ಮಗಳ ಮನೆಯ ಊಟದ ಮೇಜಿನಲ್ಲಿ ಅರ್ಧ ಊಟಕ್ಕೆ, ಇನ್ನರ್ಧ ಅಳಿಯನ ಹುಚ್ಚಿಗೆ. ಅಲ್ಲಿ ಹಳೆಯ ಟವಲಿನ ಮೇಲೆ ಒಂದು ಹಸಿರು ಬೋರ್ಡು ಮಲಗಿರುತ್ತಿತ್ತು. ಹಿಂದಿನ ಕಾಲದಲ್ಲಿ, ಕಂಪ್ಯೂಟರ್ ಎಂದರೆ ಕಪ್ಪು ಪರದೆಯ ಮೇಲೆ ಬರೀ ಅಕ್ಷರ ಮೂಡಿಸುವ ಯಂತ್ರವಾಗಿದ್ದಾಗ, ಇದ್ದಂಥದೇ ಒಂದು ಕಂಪ್ಯೂಟರಿನ ಮರುಸೃಷ್ಟಿ ಅದು. ಹುಚ್ಚು ಹಿಡಿದವರು ಬಿಡಿಭಾಗಗಳನ್ನು ತರಿಸಿ ಮನೆಯಲ್ಲೇ ಬೆಸುಗೆ ಹಾಕಿ ಕಟ್ಟಿಕೊಳ್ಳುತ್ತಾರೆ. ಚಿಪ್‌ಗಳ ಮೇಲೆ ಚಿಕ್ಕದೊಂದು ಕೀಲಿಮಣೆಯೂ ಅದಕ್ಕೇ ಜೋಡಣೆಯಾಗಿತ್ತು. ಪರದೆ ಮಾತ್ರ ಬೇರೆ, ತಂತಿಯಲ್ಲಿ ಸಿಕ್ಕಿಸಬೇಕು. ಸ್ವಿಚ್ ಹಾಕಿದ ಕೂಡಲೇ 'ರೆಡಿ' ಎಂಬ ಒಂದೇ ಪದ ಮೂಡಿ ಪಕ್ಕದಲ್ಲಿ ಒಂದು ಚೌಕ ಮಿಣುಕುತ್ತಿತ್ತು. ಇಡೀ ದಿನ ತಲೆಹರಟೆ ಮಾಡುವ ಲಿಫ್ಟುಗಳ ಜೊತೆ ಗುದ್ದಾಡಿ ಬಂದವನಿಗೆ, ಪಾಸ್‌ವರ್ಡ್ ಕೇಳದೆ, ಅಪ್‌ಡೇಟ್ ಬೇಡದೆ, ಹೇಳಿದ್ದಷ್ಟನ್ನೇ ಮಾಡುವ ಈ ಯಂತ್ರದ ಮುಂದೆ ಕೂತರೆ ಬಿಸಿನೀರಲ್ಲಿ ಕಾಲಿಟ್ಟಷ್ಟು ಹಿತ.

ಅದಕ್ಕೊಂದು ಮೈ ಇರಲಿಲ್ಲ, ಅದೇ ಅವನ ಕೊರಗು. ಇಂಥ ಹಳೆ ಯಂತ್ರಗಳ ಪ್ರಿಯರದ್ದೊಂದು ಕೂಟ ಆಗಾಗ ಲೈಬ್ರರಿಯ ಹಾಲಿನಲ್ಲಿ ಸೇರುತ್ತಿತ್ತು. ಹೋದ ಸಲ ಅವನು ಬೋರ್ಡನ್ನು ಶೂ ಡಬ್ಬಿಯಲ್ಲಿ ಒಯ್ದಿದ್ದ. ಯಾರೋ ಅದನ್ನು ಕಸವೆಂದುಕೊಂಡು ಬಾಳೆಹಣ್ಣಿನ ಸಿಪ್ಪೆ ಹಾಕಿದ್ದರು. ಈ ಸಲ ತಲೆಯೆತ್ತಿ ಹೋಗುವಂಥ ಪೆಟ್ಟಿಗೆ ಬೇಕೆಂದು ಪಣ ತೊಟ್ಟ. ಮೊದಲು ಅಕ್ರಿಲಿಕ್ ಹಾಳೆ ಕೊಯ್ಯಿಸಿ ತಂದ. ಲಿಫ್ಟಿನ ಬೋಲ್ಟ್ ಬಿಗಿಯುವ ಕೈ, ಅಕ್ರಿಲಿಕ್ಕಿನ ಸ್ಕ್ರೂವನ್ನೂ ಹಾಗೇ ಬಿಗಿಯಿತು. ಮೂಲೆ ಟಪ್ಪೆಂದು ಸೀಳಿತು. ಆಮೇಲೆ ಹಳೆಯ ಕಂಟ್ರೋಲ್ ಪೆಟ್ಟಿಗೆಯೊಂದರ ತಗಡು ಕತ್ತರಿಸಿ ಮಡಿಚಿದ. ಅದನ್ನೆತ್ತಲು ಎರಡೂ ಕೈ ಬೇಕಾಯಿತು. ಮೂಗಿಗಿಂತ ಮೂಗುತಿ ಭಾರ ಎಂದು ಹೆಂಡತಿ ಅದನ್ನು ಬಾಲ್ಕನಿಯ ಬಾಗಿಲು ಬಡಿಯದಂತೆ ಒತ್ತಿಗಿಟ್ಟಳು. ಕೊನೆಗೆ, ಮುಂದಿನದರ ಅಳತೆ ನೋಡಲೆಂದು ಅವನು ರಟ್ಟಿನ ಮಾದರಿ ಮಾಡಲು ಕೂತ.

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಅತ್ತೆ ಇದನ್ನೆಲ್ಲ ನೋಡುತ್ತಲೇ ಇದ್ದಳು. ಅಕ್ರಿಲಿಕ್ ಆಕೆಗೆ ತಿಳಿಯದ್ದು, ತಗಡೂ ತಿಳಿಯದ್ದು, ಸುಮ್ಮನಿದ್ದಳು. ಆದರೆ ರಟ್ಟಿನ ಮೇಲೆ ಅಳಿಯ ಅಡುಗೆಮನೆಯ ಚಾಕುವನ್ನು ಗರಗಸದಂತೆ ಆಡಿಸುವುದನ್ನು ಕಂಡಾಗ ಆಕೆಯ ಪ್ಲಾಸ್ಟರಿನಿಂದ ಹೊರಚಾಚಿದ ಬೆರಳುಗಳು ತಾವಾಗಿಯೇ ಚಡಪಡಿಸಿದವು.

"ಹಾಗೆ ಕೊಯ್ದ್ರೆ ಅಂಚು ಹಿಂಜುತ್ತೆ ಅಂತ ಅವರಿಗೆ ಹೇಳೇ" ಎಂದಳು.

ಹೇಳಲು ಮಗಳು ಮನೆಯಲ್ಲಿರಲಿಲ್ಲ, ಈಜುಕೊಳಕ್ಕೆ ಹೋಗಿದ್ದಳು. ಮಾತು ತಲುಪಿಸುವವರಿಲ್ಲದೆ ಕೋಣೆಯ ನಡುವೆ ನಿಂತಿತು. ಅಳಿಯ ಚಾಕು ಕೆಳಗಿಟ್ಟ. ಅತ್ತೆಯತ್ತ ತಿರುಗುವ ಧೈರ್ಯ ಸಾಲದೆ, ಖಾಲಿ ಅಡುಗೆಮನೆಯ ಬಾಗಿಲ ಕಡೆ ಮುಖ ಮಾಡಿ, "ಮತ್ತೆ ಹೇಗೆ ಕೊಯ್ಬೇಕು ಅಂತ ಕೇಳು" ಎಂದ.

ಸ್ಟೀಲ್ ಪಟ್ಟಿಯನ್ನು ಒತ್ತಿ ಹಿಡಿಯಬೇಕಂತೆ, ಒಂದೇ ಏಟಿಗೆ ಕೊಯ್ಯಲು ಹೋಗಬಾರದಂತೆ, ಮೊದಲು ಗೀರಬೇಕಂತೆ, ಆಮೇಲೆ ಅದೇ ಗೀರಿನಲ್ಲಿ ಹಗುರಾಗಿ ಮತ್ತೆಮತ್ತೆ ಎಳೆಯಬೇಕಂತೆ. ಎಲ್ಲವನ್ನೂ ಅತ್ತೆ ಇಲ್ಲದ ಮಗಳಿಗೆ ಹೇಳಿದಳು. ಟ್ರಂಕಿನಲ್ಲಿ ಒಳ್ಳೇ ಚಾಕು ಇದೆ, ತಗೋಬಹುದು ಅಂತಲೂ ಹೇಳು ಎಂದಳು. ಅಳಿಯ ಬಾಗಿಲಿಗೆ ತಲೆಯಾಡಿಸಿ, ಟ್ರಂಕು ತೆರೆದು, ಚಾಕು ತೆಗೆದುಕೊಂಡ. ಅದು ಬೆಣ್ಣೆಯಲ್ಲಿ ಹೋದ ಹಾಗೆ ಹೋಯಿತು. ಆ ಹುರುಪಿನಲ್ಲಿ ಪಟ್ಟಿ ಹಿಡಿದ ಹೆಬ್ಬೆರಳು ಅಂಚಿನಿಂದ ಹೊರಗೆ ಚಾಚಿಕೊಂಡದ್ದು ಅವನಿಗೆ ಕಾಣಲಿಲ್ಲ.

"ಏಯ್, ಬೆರಳು ತೆಗಿಯೋ" ಎಂದು ಅತ್ತೆ ಗದರಿದಳು.

ಬೆರಳು ಉಳಿಯಿತು, ಬಹುವಚನ ಉಳಿಯಲಿಲ್ಲ. ಅಳಿಯನೇ ಮೊದಲು ನಕ್ಕ. ನಗುತ್ತಲೇ ಮೊದಲ ಬಾರಿಗೆ ಆಕೆಯನ್ನು ನೇರ ನೋಡಿ, "ಇನ್ನೊಂದು ಬದಿನೂ ಹೀಗೇನಾ ಅತ್ತೆ?" ಎಂದು ಕೇಳಿದ. ಸಂಜೆ ಒದ್ದೆ ಕೂದಲಿನೊಂದಿಗೆ ಮನೆಗೆ ಬಂದ ಹೆಂಡತಿ, ಮೇಜಿನ ಒಂದೇ ಬದಿಯಲ್ಲಿ ಅಕ್ಕಪಕ್ಕ ಕೂತು ರಟ್ಟಿನ ದಪ್ಪದ ಬಗ್ಗೆ ವಾದಿಸುತ್ತಿದ್ದ ಇಬ್ಬರನ್ನು ಕಂಡು, ಮನೆ ತಪ್ಪಿ ಬಂದೆನೇನೋ ಎಂದು ಬಾಗಿಲ ಮೇಲಿನ ನಂಬರನ್ನು ನೋಡಿದಳು.

ಮಾದರಿಗೆಂದು ಶುರುವಾದ ರಟ್ಟು ಅಸಲಿ ಪೆಟ್ಟಿಗೆಯೇ ಆಗುವುದೆಂದು ಆ ಸಂಜೆಯೇ ನಿಶ್ಚಯವಾಯಿತು. ದಪ್ಪ ಪುಸ್ತಕದ ಆಕಾರ ಅತ್ತೆಯ ಯೋಚನೆ. ಮುಚ್ಚಿದರೆ ಕಪಾಟಿನಲ್ಲಿ ನಿಲ್ಲುವ ಪುಸ್ತಕ, ರಟ್ಟು ತೆರೆದರೆ ಒಳಗೆ ಕೀಲಿಮಣೆ. ತಂತಿ ಸಿಕ್ಕಿಸುವ ಜಾಗಗಳೆಲ್ಲ ಮೇಲಂಚಿನಲ್ಲಿ ಬರಲಿ, ಎಡಗಡೆಯ ಬೆನ್ನು ಮಡಿಚಲು ಆರಾಮಾಗಿರಲಿ ಎಂಬುದು ಅಳಿಯನ ಯೋಚನೆ. ಅತ್ತೆಗೆ ಕೈಯಿಲ್ಲ, ಅಳಿಯನಿಗೆ ವಿದ್ಯೆಯಿಲ್ಲ. ಆಕೆ ಹೇಳುವುದು, ಅವನು ಮಾಡುವುದು. ಅಂಟು ಹಚ್ಚುವಾಗ ಮೊಣಕೈವರೆಗೂ ಬಳಿದುಕೊಂಡ. ಕೆಂಪು ಬಟ್ಟೆಯ ಮೂಲೆ ಮಡಿಸುವುದನ್ನು ಕಲಿಯಲು ಹಳೆ ದಿನಪತ್ರಿಕೆಗಳ ಮೇಲೆ ಅಭ್ಯಾಸ ಮಾಡಿದ. ಮೂಲೆ ಎಂದರೆ ಮೂಗಿದ್ದ ಹಾಗೆ, ಮುಖದಲ್ಲಿ ಮೊದಲು ಕಾಣೋದು ಅದೇ ಎನ್ನುವುದು ಅತ್ತೆಯ ಪಾಠ. ಕೆಲಸಕ್ಕೆ ಹೋದಲ್ಲೂ ಅವನ ತಲೆಯಲ್ಲಿ ಅದೇ. ಒಮ್ಮೆ ಲಿಫ್ಟಿನ ಗುಂಡಿಗಳ ಫಲಕವನ್ನು ಕಳಚಿ, ಅದರ ಅಂಚನ್ನು ಮಡಿಚಿದ ರೀತಿಯನ್ನು ಅಷ್ಟು ಹೊತ್ತು ನೋಡುತ್ತ ನಿಂತನೆಂದರೆ, ಕಟ್ಟಡದ ಕಾವಲುಗಾರ ಬಂದು ಏನಾದರೂ ದೊಡ್ಡ ತೊಂದರೆಯೇ ಎಂದು ವಿಚಾರಿಸಿದ.

ಮೊದಲ ಪೆಟ್ಟಿಗೆ ನೋಡಲು ಮುದ್ದಾಗಿತ್ತು, ಕೆಲಸಕ್ಕೆ ಬಾರದ್ದಾಗಿತ್ತು. ತಂತಿಯ ತೂತುಗಳನ್ನು ಅಳಿಯ ಬೋರ್ಡಿನ ಸಾಕೆಟ್ಟಿಗೆ ಸರಿಯಾಗಿ ಅಳೆದು ಕೊರೆದಿದ್ದ. ಆದರೆ ಸಾಕೆಟ್ಟಿಗಿಂತ ತಂತಿಯ ಪ್ಲಗ್ಗು ದಪ್ಪ. ದಪ್ಪ ರಟ್ಟಿನ ತೂತಿನೊಳಗೆ ಅದು ಹೆಗಲು ಸಿಕ್ಕಿಸಿಕೊಂಡು ನಿಂತಿತು. ನೆಂಟನನ್ನ ಅಳೆದು ಬಾಗಿಲಿಟ್ಟೆ, ಅವನ ಗಂಟುಮೂಟೆ ಅಳೀಲಿಲ್ಲ ಎಂದು ಅತ್ತೆ ಆಡಿಕೊಂಡಳು. ತೂತು ದೊಡ್ಡದು ಮಾಡಿ, ಪರದೆ ಜೋಡಿಸಿ, ಸ್ವಿಚ್ ಹಾಕಿದರು. 'ರೆಡಿ' ಎಂದಿತು. ಸ್ವಲ್ಪ ಹೊತ್ತಿಗೆ ಅಂಟಿನ ವಾಸನೆ ಏಳತೊಡಗಿತು. ಇನ್ನೂ ಸ್ವಲ್ಪ ಹೊತ್ತಿಗೆ ಪರದೆಯ ತುಂಬ ಪ್ರಶ್ನಾರ್ಥಕ ಚಿಹ್ನೆಗಳು ಇರುವೆಸಾಲಿನಂತೆ ಹರಿದಾಡಿದವು.

"ನಿನ್ನ ಯಂತ್ರಕ್ಕೇ ಜ್ವರ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದಳು ಅತ್ತೆ, ತನ್ನ ಪೆಟ್ಟಿಗೆಯ ಪರ ವಹಿಸಿ.

ಯಂತ್ರಕ್ಕೆ ಜ್ವರ ಬರುವುದು ನಿಜ, ಆದರೆ ಜ್ವರ ಬಂದವರಿಗೆ ಕಂಬಳಿ ಹೊದಿಸಿ ಕಿಟಕಿ ಮುಚ್ಚಿದ್ದು ನಾವು ಎಂದು ಅವನು ವಿವರಿಸಿದ. ಕೀಲಿಮಣೆಯ ಕೆಳಗೆ ಬಿಸಿಯಾಗುವ ಒಂದು ಪುಟ್ಟ ಭಾಗವನ್ನು ತೋರಿಸಿದ. ಅತ್ತೆ ಎಡಗೈ ಬೆರಳಿನಿಂದ ಅದನ್ನು ಮುಟ್ಟಿ, ಚುರ್ರೆಂದು ಹಿಂತೆಗೆದುಕೊಂಡು, ಒಪ್ಪಿಕೊಂಡಳು. ಗಾಳಿ ಬೇಕು. ಆದರೆ ಬಟ್ಟೆಗೆ ಸುಮ್ಮನೆ ತೂತು ಹೊಡೆದರೆ ಎಳೆ ಬಿಚ್ಚುತ್ತದೆ. ಆಗ ಆಕೆಗೆ ಟ್ರಂಕಿನಲ್ಲಿದ್ದ ಹಿತ್ತಾಳೆಯ ಉಂಗುರಗಳು ನೆನಪಾದವು. ಶೂ ಲೇಸು ಪೋಣಿಸುವ ತೂತಿನ ಅಂಚಿಗೆ ಇರುತ್ತವಲ್ಲ, ಅಂಥವು. ಪಕ್ಕಗಳಲ್ಲಿ ಒಂದು ಸಾಲು, ತಳದಲ್ಲೂ ಒಂದಿಷ್ಟು. ತಳದಲ್ಲಿ ಬೇಕಾ ಎಂದು ಅಳಿಯ ಅನುಮಾನಿಸಿದ. ಕೆಳಗಿಂದ ಗಾಳಿ ಬಂದರೆ ತಾನೇ ಮೇಲಕ್ಕೆ ಹೋಗೋದು ಎಂದು ಅತ್ತೆ ಹಟ ಹಿಡಿದಳು. ಆ ಮಾತೂ ಸುಳ್ಳಲ್ಲ. ಹಿತ್ತಾಳೆಯ ಉಂಗುರಗಳು ಕೆಂಪು ಬಟ್ಟೆಯ ಮೇಲೆ ಕೂತಾಗ ಪೆಟ್ಟಿಗೆಗೆ ಒಡವೆ ತೊಡಿಸಿದಂತಾಯಿತು. ಹೆಂಡತಿ ದೂರದಿಂದ, ಹತ್ತಿರದಿಂದ, ಕುರ್ಚಿ ಹತ್ತಿ ಮೇಲಿಂದ ನೋಡಿ ಮೆಚ್ಚಿದಳು.

ಬೋರ್ಡನ್ನು ಒಳಗಿಟ್ಟು, ಅಲುಗಾಡದಿರಲೆಂದು ಅವನು ಹೆಬ್ಬೆರಳಿನಿಂದ ಒತ್ತಿ ಕೂರಿಸಿದ. ಸ್ವಿಚ್ ಹಾಕಿದ. ಟಿಕ್ಕೆಂದು ಒಂದು ಸಣ್ಣ ಸದ್ದು, ಅಷ್ಟೇ. ಪರದೆ ಕಪ್ಪಾಗಿಯೇ ಇತ್ತು. ಮತ್ತೆ ಹಾಕಿದ, ಆರಿಸಿದ, ಹಾಕಿದ. ಏನೂ ಇಲ್ಲ. ತಳದ ಹಿತ್ತಾಳೆ, ಬೋರ್ಡಿನ ಬೆನ್ನಿನ ಬೆಸುಗೆಗಳಿಗೆ ತಾಗಿತ್ತು. ಕರೆಂಟು ಹೋಗಬಾರದ ದಾರಿಯಲ್ಲಿ ಹೋಗಿತ್ತು.

ಅವನು ಮಾತಾಡದೆ ಬೋರ್ಡನ್ನು ಹೊರತೆಗೆದು ಬಾಲ್ಕನಿಯ ಬೆಳಕಿಗೆ ಒಯ್ದ. ಆ ಮೌನವನ್ನು ಅತ್ತೆ ಕೋಪವೆಂದುಕೊಂಡಳು. ಎಷ್ಟೋ ರಜಾದಿನಗಳನ್ನು ತಿಂದ ಬೋರ್ಡು, ಚಿಪ್‌ಗಳ ಒಂದೊಂದು ಕಾಲಿಗೂ ಅವನೇ ಬೆಸುಗೆ ಹಾಕಿದ್ದು, ತನ್ನ ಹಟಕ್ಕೆ ಸತ್ತಿತು. ಆಕೆ ಎದ್ದುಹೋಗಿ ಎಡಗೈಯಲ್ಲೇ ಸೀರೆಗಳನ್ನು ಟ್ರಂಕಿಗೆ ತುಂಬತೊಡಗಿದಳು. ತನ್ನನ್ನು ಮನೆಗೆ ಬಿಟ್ಟುಬಾ ಎಂದು ಮಗಳಿಗೆ ಹೇಳಿದಳು. ಒಂದು ಕೈಯಲ್ಲಿ ಅಲ್ಲಿ ಹೇಗಿರ್ತೀಯಮ್ಮ ಎಂದು ಮಗಳು ಕೇಳಿದರೆ, ಒಂದೇ ಕೈಯಲ್ಲಿ ಇಲ್ಲಿ ಇಷ್ಟು ಹಾಳು ಮಾಡಿದೆ, ಅಲ್ಲಾದರೆ ಹಾಳಾಗೋದು ನನ್ನದೇ ಎಂದಳು. ಮುಖ ಬಾಡಿತ್ತು.

ಅಷ್ಟರಲ್ಲಿ ಅಳಿಯ ಬಂದು ಬಾಗಿಲಲ್ಲಿ ನಿಂತ. ಅಂಗೈಯಲ್ಲಿ ಚಿಕ್ಕದೊಂದು ಗಾಜಿನ ನಳಿಗೆ ಇತ್ತು.

"ಅತ್ತೆ, ಸತ್ತಿದ್ದು ಇದೊಂದೇ" ಎಂದ. "ಫ್ಯೂಸು. ಫ್ಯೂಸ್ ಇಲ್ಲದ ಯಂತ್ರ ನಾನು ಕಟ್ಟಲ್ಲ. ಇದರ ಕೆಲಸಾನೇ ಸಾಯೋದು."

ಅತ್ತೆ ನಂಬಲಿಲ್ಲ. ಸಮಾಧಾನಕ್ಕೆ ಹೇಳುತ್ತಿದ್ದಾನೆಂದುಕೊಂಡಳು. ಅವನು ಆಕೆಯನ್ನು ಮೇಜಿನ ಬಳಿಗೆ ಕರೆತಂದು, ಡ್ರಾಯರಿನಿಂದ ಹೊಸ ಫ್ಯೂಸು ತೆಗೆದು ಸಿಕ್ಕಿಸಿ, ಬೋರ್ಡನ್ನು ಟವಲಿನ ಮೇಲಿಟ್ಟು ಸ್ವಿಚ್ ಹಾಕಿದ. 'ರೆಡಿ' ಎಂದಿತು ಪರದೆ, ಏನೂ ಆಗೇ ಇಲ್ಲವೆಂಬಂತೆ.

"ಹಟ ಮಾಡಿದ್ದು ನಾನು" ಎಂದಳು ಅತ್ತೆ.

"ಕೆಳಗೆ ಜಾಗ ಬಿಡದೆ ಒತ್ತಿ ಕೂರಿಸಿದ್ದು ನಾನು. ಲಿಫ್ಟು ಇಳಿದು ನಿಲ್ಲೋ ಹಳ್ಳದಲ್ಲೇ ಅಷ್ಟು ಜಾಗ ಬಿಡ್ತೀವಿ, ಇದಕ್ಕೆ ಬಿಡೋದು ಮರ್ತೆ. ನಾಲ್ಕು ಕಾಲು ಕೊಟ್ಟು ಎತ್ತಿ ಕೂರಿಸೋಣ. ಹಿತ್ತಾಳೆ ಅಲ್ಲೇ ಇರ್ಲಿ, ಚೆನ್ನಾಗಿದೆ."

"ಅತ್ತೆ ಒಡೆದ ಪಾತ್ರೆಗೆ ಬೆಲೆ ಇಲ್ಲ ಅಂತ ಗಾದೇನೇ ಇದೆಯಲ್ಲಮ್ಮ" ಎಂದಳು ಮಗಳು. "ಇಷ್ಟಕ್ಕೆಲ್ಲ ಟ್ರಂಕು ಕಟ್ತಾರಾ?"

ಅದು ಸೊಸೆಯರ ಗಾದೆ, ಅಳಿಯಂದಿರಿಗೆ ನಡೆಯುವುದಿಲ್ಲ ಎಂದು ಅತ್ತೆ ತಕರಾರು ತೆಗೆದಳು. ತಕರಾರು ತೆಗೆಯುವಷ್ಟು ಚೇತರಿಸಿಕೊಂಡಳಲ್ಲ ಎಂದು ಉಳಿದಿಬ್ಬರೂ ನಿರಾಳರಾದರು. ಸೀರೆಗಳು ಮತ್ತೆ ಕಪಾಟು ಸೇರಿದವು. ಹೆಂಡತಿಯ ಹಳೆಯ ಈಜು ಚಪ್ಪಲಿಯ ಅಟ್ಟೆಯಿಂದ ನಾಲ್ಕು ಗುಂಡನೆಯ ರಬ್ಬರ್ ಕಾಲುಗಳನ್ನು ಕತ್ತರಿಸಿ, ಅವುಗಳ ಮೇಲೆ ಬೋರ್ಡನ್ನು ಕೂರಿಸಿದರು. ಕೆಳಗಿಂದ ಗಾಳಿ ಬಂತು, ಮೇಲಕ್ಕೆ ಹೋಯಿತು. ಅಂಟು ನಾರಲಿಲ್ಲ, ಇರುವೆಗಳೂ ಹರಿದಾಡಲಿಲ್ಲ.

ಕೂಟದ ದಿನ ಮೂವರೂ ಲೈಬ್ರರಿಗೆ ಹೋದರು. ಉದ್ದನೆಯ ಮೇಜುಗಳ ಮೇಲೆ ತರಹೇವಾರಿ ಯಂತ್ರಗಳು. ಒಬ್ಬ ಬಸ್ ಡ್ರೈವರ್ ತೇಗದ ಪೆಟ್ಟಿಗೆ ಮಾಡಿಸಿದ್ದ. ಔಷಧಿ ಅಂಗಡಿಯ ಹೆಂಗಸೊಬ್ಬಳು ತನ್ನ ಬೋರ್ಡನ್ನು ಬಿಸ್ಕತ್ತಿನ ಡಬ್ಬಿಯಲ್ಲಿಟ್ಟಿದ್ದಳು. ಇವರ ಕೆಂಪು ಪೆಟ್ಟಿಗೆಗೆ ಬಾಗಿಲ ಪಕ್ಕದ ಮೇಜು ಸಿಕ್ಕಿತ್ತು. ಪರದೆಯನ್ನು ಜೋಡಿಸಿ, ಸ್ವಿಚ್ ಹಾಕಿ, ಪೆಟ್ಟಿಗೆಯನ್ನು ಮುಚ್ಚಿಟ್ಟು ಅಳಿಯ ನೀರು ತರಲು ಹೋದ. ಆಗ ಒಳಬಂದ ಹಿರಿಯರೊಬ್ಬರು ಜೇಬಿನಿಂದ ಪೆನ್ನು ತೆಗೆದು, ಕ್ಯಾಪು ಬಿಚ್ಚಿ, ಬಂದವರು ಹೆಸರು ಬರೆಯುವ ಪುಸ್ತಕವೆಂದುಕೊಂಡು ರಟ್ಟು ತೆರೆದರು. ಒಳಗೆ ಕೀಲಿಗಳನ್ನು ಕಂಡು ಪೆನ್ನು ಹಿಡಿದ ಕೈ ಅಲ್ಲೇ ನಿಂತಿತು.

ಅತ್ತೆ ಗಲಿಬಿಲಿಗೊಳ್ಳಲಿಲ್ಲ. "ಬರೀರಿ, ಪೆನ್ನು ಬೇಕಾಗಲ್ಲ" ಎಂದಳು ಗಂಭೀರವಾಗಿ.

ಹಿರಿಯರು ಒಂದೊಂದೇ ಕೀಲಿ ಹುಡುಕಿ ಒತ್ತಿ ತಮ್ಮ ಹೆಸರು ಬರೆದರು. ಅದು ಪರದೆಯ ಮೇಲೆ ಹಸಿರಾಗಿ ಮೂಡಿದಾಗ ಕನ್ನಡಕ ಸರಿಮಾಡಿಕೊಂಡು ಎರಡು ಸಲ ಓದಿದರು. ಹಿಂದಿದ್ದವರು ತಾವೂ ಬರೆಯುತ್ತೇವೆಂದರು. ನೀರು ತಂದ ಅಳಿಯ ಸಾಲು ಕಂಡು ಬೆಪ್ಪಾದ. ಸಂಗತಿ ತಿಳಿದ ಮೇಲೆ, ನಿಂತಲ್ಲೇ ನಾಲ್ಕು ಸಾಲಿನ ಪ್ರೋಗ್ರಾಂ ಬರೆದು, ಬಂದ ಹೆಸರನ್ನೆಲ್ಲ ನೆನಪಿಟ್ಟುಕೊಂಡು ಒಂದರ ಕೆಳಗೊಂದು ತೋರಿಸುವಂತೆ ಮಾಡಿದ. ಮಧ್ಯಾಹ್ನದವರೆಗೂ ಜನ ಬಂದರು. ಅತ್ತೆ ಪಕ್ಕದಲ್ಲಿ ಕೂತು, ಬರೆದು ಮುಗಿಸಿದವರಿಗೆ ಯಾವ ಕೀಲಿ ಒತ್ತಬೇಕೆಂದು ಎಡಗೈ ಬೆರಳಿನಿಂದ ತೋರಿಸುತ್ತಿದ್ದಳು.

ಚೆಂದದ ಪೆಟ್ಟಿಗೆಗೆಂದು ಕೂಟದವರು ಇಟ್ಟಿದ್ದ ಬಹುಮಾನ ಡ್ರೈವರನ ತೇಗದ್ದಕ್ಕೆ ಹೋಯಿತು. ಇವರಿಗೆ ಬೇಸರಪಡಲು ಪುರುಸೊತ್ತಿರಲಿಲ್ಲ. ಔಷಧಿ ಅಂಗಡಿಯಾಕೆ ಬಿಸ್ಕತ್ತಿನ ಡಬ್ಬಿ ಹಿಡಿದುಕೊಂಡು ಬಂದು, ಇದನ್ನು ಮಾಡಿದ್ದು ಯಾರೆಂದು ಕೇಳಿದಳು. ಅಳಿಯ ಅತ್ತೆಯನ್ನು ತೋರಿಸಿದ, ಅತ್ತೆ ಅಳಿಯನನ್ನು ತೋರಿಸಿದಳು. ಅಂತೂ ಆಕೆಗೆ ಹಸಿರು ಬಟ್ಟೆಯದೊಂದು ಬೇಕಾಗಿತ್ತು. ಇನ್ನೂ ಒಂದಿಬ್ಬರು ಅಲ್ಲೇ ಸುಳಿದಾಡುತ್ತಿದ್ದರು. ಹೊರಡುವ ಹೊತ್ತಿಗೆ ಅಳಿಯ ಸ್ವಿಚ್ ಆರಿಸಿದಾಗ ಹೆಸರುಗಳೆಲ್ಲ ಒಟ್ಟಿಗೆ ಮಾಯವಾದವು. ಎಲ್ಲವೂ ಹೋಯಿತೇ ಎಂದು ಅತ್ತೆ ಕೇಳಿದಳು. ಹಳೇ ಯಂತ್ರ, ಕರೆಂಟು ಹೋದರೆ ಏನೂ ನೆನಪಿರುವುದಿಲ್ಲ ಎಂದ ಅಳಿಯ. ಹೋಗಲಿ ಬಿಡು, ಅರ್ಧ ಜನ ತಮ್ಮ ಹೆಸರನ್ನೇ ತಪ್ಪು ಬರೆದಿದ್ದರು ಎಂದು ಅತ್ತೆ ರಟ್ಟು ಮುಚ್ಚಿದಳು.

ಪ್ಲಾಸ್ಟರ್ ಬಿಚ್ಚಿದಾಗ ಕೈ ಮೊದಲಿನಂತಿರಲಿಲ್ಲ. ಮಣಿಕಟ್ಟು ಬಿಗಿದಿತ್ತು, ಚಾಕು ಹಿಡಿದರೆ ನಡುಗುತ್ತಿತ್ತು. ಡಾಕ್ಟರು ರಬ್ಬರ್ ಚೆಂಡು ಹಿಸುಕಲು ಹೇಳಿದರು. ಆಕೆ ಚೆಂಡನ್ನು ಕಿಟಕಿಯಲ್ಲಿಟ್ಟು ಅಂಟು ಕಲಸಿದಳು. ಬಟ್ಟೆ ಮಡಿಸುವುದು, ಮೂಲೆ ಒತ್ತುವುದು ಮೆಲ್ಲಗೆ ಕೈಗೆ ಮರಳಿತು. ರಟ್ಟು ಕೊಯ್ಯುವುದು ಮರಳಲಿಲ್ಲ. ಅದು ಇನ್ನು ಅಳಿಯನ ಪಾಲು ಎಂದಳು, ದುಃಖವಿಲ್ಲದೆ. ತನ್ನ ಮನೆಗೆ ಹಿಂತಿರುಗಿದ ಮೇಲೆ ಖಾಲಿ ಮಾಡಲು ಹೊರಟಿದ್ದ ಅಂಗಡಿಯ ಬೀಗ ತೆಗೆದು, ಕಸ ಗುಡಿಸಿ, ಮೇಜನ್ನು ಬೆಳಕಿನ ಕಡೆಗೆ ಎಳೆಸಿಕೊಂಡಳು.

ರಜೆಯ ದಿನ ಅಳಿಯ ಬೆಸುಗೆಯ ಚೀಲ ಹೆಗಲಿಗೆ ಹಾಕಿಕೊಂಡು ಅಲ್ಲಿಗೆ ಹೋಗುತ್ತಾನೆ. ಹೆಂಡತಿಯೂ ಒಮ್ಮೊಮ್ಮೆ ಹೋಗಿ, ಅವರಿಬ್ಬರ ನಡುವೆ ತನಗೀಗ ಒಂದು ಮಾತೂ ಆಡಲು ಸಿಗುವುದಿಲ್ಲವೆಂದು ಗೊಣಗಿ, ಬಟ್ಟೆಯ ಸುರುಳಿಗಳ ಮೇಲೆ ಒರಗಿ ನಿದ್ದೆ ಮಾಡುತ್ತಾಳೆ. ಹೋದ ವಾರ ಔಷಧಿ ಅಂಗಡಿಯಾಕೆಯ ಬೋರ್ಡು ಮೇಜಿಗೆ ಬಂತು. ಅದರಲ್ಲೊಂದು ಪುಟ್ಟ ಫ್ಯಾನು ಇತ್ತು. ತಿರುಗಿದಾಗಲೆಲ್ಲ ಹಸಿರು ಬಟ್ಟೆಯ ಸಡಿಲ ಎಳೆಗಳನ್ನು ಒಳಗೆಳೆದುಕೊಳ್ಳುತ್ತಿತ್ತು. ಫ್ಯಾನಿನ ಬಾಯಿಗೆ ತಂತಿಯ ಜಾಲರಿ ಹಾಕೋಣವೆಂದ ಅಳಿಯ. ಒಳಗೆಲ್ಲ ನುಣುಪು ಕಾಗದ ಅಂಟಿಸಿದರೆ ಎಳೆಯೇ ಏಳುವುದಿಲ್ಲವೆಂದಳು ಅತ್ತೆ. ಕಾಗದ ಬಿಸಿಗೆ ಸುರುಟಿಕೊಂಡರೆ ಎಂದು ಅವನು, ಜಾಲರಿ ತುಕ್ಕು ಹಿಡಿದರೆ ಎಂದು ಆಕೆ. ಕೊನೆಗೆ ಎರಡನ್ನೂ ಮಾಡಿ ನೋಡೋಣವೆಂದು ಅತ್ತೆ ಹೊಸ ರಟ್ಟನ್ನು ಮುಂದಕ್ಕೆಳೆದು, ನಡುಗುವ ಕೈಯಿಂದಲೇ ನೇರವಾದ ಒಂದು ಗೆರೆ ಎಳೆದು, ಚಾಕುವನ್ನು ಅವನತ್ತ ತಳ್ಳಿದಳು.